ಕಾರಿನ ಇಗ್ನಿಷನ್ ಕಂಟ್ರೋಲ್ ಮಾಡ್ಯೂಲ್: ಪರೀಕ್ಷಿಸುವ ಮತ್ತು ದೋಷ ಹುಡುಕುವ ಕ್ರಮ

ಚೆನ್ನಾಗಿ ಓಡುತ್ತಿದ್ದ ಪೆಟ್ರೋಲ್ ಕಾರು ಎಂಜಿನ್ ಕಾದ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಕಳೆದು ಬಾನೆಟ್ಟಿನೊಳಗಿನ ಬಿಸಿ ಇಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಮೊದಲ ಸೆಲ್ಫಿಗೇ ಸ್ಟಾರ್ಟ್ ಆಗುತ್ತದೆ. ಈ ಲಕ್ಷಣ ಕಂಡ ಕೂಡಲೇ ಇಗ್ನಿಷನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಪ್ಲಗ್ಗಿಗೆ ಕಿಡಿ ಕೊಡಿಸುವ ಎಲೆಕ್ಟ್ರಾನಿಕ್ ಸ್ವಿಚ್, ಹೋಗಿದೆ ಎಂದು ತೀರ್ಮಾನಿಸಿ ಹೊಸದನ್ನು ತಂದು ಹಾಕುವವರು ಬಹಳ ಮಂದಿ. ಅವರ ಅನುಮಾನದಲ್ಲಿ ಹುರುಳಿದೆ, ಆದರೆ ತೀರ್ಮಾನ ಅವಸರದ್ದು. ಏಕೆಂದರೆ ಇದೇ ಲಕ್ಷಣವನ್ನು ಪಿಕಪ್ ಕಾಯಿಲ್, ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ (ಇವೆರಡೂ ಎಂಜಿನ್ ತಿರುಗುವುದನ್ನು ಗುರುತಿಸಿ ಸಂಕೇತ ಕೊಡುವ ಭಾಗಗಳು), ಇಗ್ನಿಷನ್ ಕಾಯಿಲ್, ಫ್ಯೂಯಲ್ ಪಂಪಿನ ರಿಲೇ, ಸಡಿಲವಾದ ಅರ್ತಿಂಗ್ ವೈರು ಇವುಗಳಲ್ಲಿ ಯಾವುದು ಬೇಕಾದರೂ ತೋರಿಸಬಲ್ಲದು. ಮಾಡ್ಯೂಲ್ ಕೆಟ್ಟಿದೆ ಎಂದು ಹೇಳಲು ನಂಬಬಹುದಾದ ದಾರಿ ಒಂದೇ: ಅದಕ್ಕೆ ಬರಬೇಕಾದ ಕರೆಂಟು, ಅರ್ತಿಂಗ್ ಮತ್ತು ಸಂಕೇತ ಮೂರೂ ಬರುತ್ತಿವೆ ಎಂದು ಅಳೆದು ಖಚಿತಪಡಿಸಿಕೊಂಡ ಮೇಲೆ, ಅದು ಕಾಯಿಲನ್ನು ಚಾಲೂ ಬಂದ್ ಮಾಡುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡುವುದು. ಮುಂದೆ ಹೇಳಿರುವ ಪರೀಕ್ಷೆಗಳೆಲ್ಲವೂ ಈ ಒಂದು ಕ್ರಮದ ಸುತ್ತಲೇ ಇವೆ.

ಮಾಡ್ಯೂಲ್ ಮಾಡುವ ಕೆಲಸ

ಇಗ್ನಿಷನ್ ಕಾಯಿಲ್‌ನೊಳಗೆ ದಪ್ಪ ತಂತಿಯ ಕೆಲವೇ ಸುತ್ತುಗಳಿರುವ ಪ್ರೈಮರಿ ಮತ್ತು ಕೂದಲೆಳೆಯಷ್ಟು ತೆಳುವಾದ ತಂತಿಯ ಸಾವಿರಾರು ಸುತ್ತುಗಳಿರುವ ಸೆಕೆಂಡರಿ ಎಂಬ ಎರಡು ಸುರುಳಿಗಳಿರುತ್ತವೆ. ಪ್ರೈಮರಿಯ ಒಂದು ತುದಿಗೆ ಇಗ್ನಿಷನ್ ಸ್ವಿಚ್ಚಿನ ಮೂಲಕ ಬ್ಯಾಟರಿಯ 12 ವೋಲ್ಟ್ ಬರುತ್ತದೆ. ಇನ್ನೊಂದು ತುದಿ ಮಾಡ್ಯೂಲ್‌ನ ಒಳಗಿರುವ ಪವರ್ ಟ್ರಾನ್ಸಿಸ್ಟರ್ ಮೂಲಕ ಅರ್ತಿಂಗಿಗೆ ಸೇರುತ್ತದೆ. ಟ್ರಾನ್ಸಿಸ್ಟರ್ ಚಾಲೂ ಆದಾಗ ಪ್ರೈಮರಿಯಲ್ಲಿ ಕರೆಂಟು ಏರುತ್ತಾ ಹೋಗಿ ಕಾಂತಕ್ಷೇತ್ರ ತುಂಬಿಕೊಳ್ಳುತ್ತದೆ. ಸರಿಯಾದ ಕ್ಷಣದಲ್ಲಿ ಟ್ರಾನ್ಸಿಸ್ಟರ್ ಥಟ್ಟನೆ ಬಂದ್ ಆದಾಗ ಆ ಕ್ಷೇತ್ರ ಕುಸಿದು, ಪ್ರೈಮರಿಯಲ್ಲೇ 200ರಿಂದ 400 ವೋಲ್ಟ್‌ಗಳಷ್ಟು, ಸೆಕೆಂಡರಿಯಲ್ಲಿ ಇಪ್ಪತ್ತು ಮೂವತ್ತು ಸಾವಿರ ವೋಲ್ಟ್‌ಗಳಷ್ಟು ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ.

ಹಿಂದೆ ಈ ಚಾಲೂ ಬಂದ್ ಕೆಲಸವನ್ನು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನೊಳಗಿನ ಪಾಯಿಂಟುಗಳು, ಅಂದರೆ ತೆರೆದು ಮುಚ್ಚುವ ಲೋಹದ ಸಂಪರ್ಕಗಳು, ಮಾಡುತ್ತಿದ್ದವು. ಪಾಯಿಂಟುಗಳು ಸವೆಯುತ್ತವೆ, ಸುಟ್ಟು ಕರಿಹಿಡಿಯುತ್ತವೆ, ಅವುಗಳ ಗ್ಯಾಪನ್ನು ಆಗಾಗ ಸರಿಪಡಿಸಬೇಕಾಗುತ್ತದೆ. ಕ್ರೈಸ್ಲರ್ 1973ರ ಮಾದರಿಗಳಲ್ಲಿ, ಜನರಲ್ ಮೋಟಾರ್ಸ್ 1975ರ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನು ಎಲ್ಲೆಡೆ ಬಳಕೆಗೆ ತಂದ ಮೇಲೆ ಆ ಜಾಗಕ್ಕೆ ಮಾಡ್ಯೂಲ್ ಬಂತು. ಬರೀ ಸ್ವಿಚ್ಚಿನ ಕೆಲಸವಷ್ಟೇ ಅದರದ್ದಲ್ಲ. ಕಾಯಿಲ್‌ಗೆ ಎಷ್ಟು ಹೊತ್ತು ಕರೆಂಟು ಹರಿಯಬೇಕು ಎಂಬುದನ್ನು ಎಂಜಿನ್ ವೇಗಕ್ಕೆ ತಕ್ಕಂತೆ ಅದೇ ಹೊಂದಿಸುತ್ತದೆ. ಅನೇಕ ಮಾಡ್ಯೂಲ್‌ಗಳು ಆ ಕರೆಂಟು ಒಂದು ಮಿತಿ ದಾಟದಂತೆಯೂ ತಡೆಯುತ್ತವೆ.

ಮಾಡ್ಯೂಲ್ ಎಲ್ಲಿರುತ್ತದೆ ಎಂಬುದು ಕಾರಿನಿಂದ ಕಾರಿಗೆ ಬೇರೆಯಾಗುತ್ತದೆ, ಮತ್ತು ಪರೀಕ್ಷೆಯ ದಾರಿಯನ್ನು ನಿರ್ಧರಿಸುವುದೇ ಈ ಜಾಗ. ಜನರಲ್ ಮೋಟಾರ್ಸ್‌ನ ಹಳೆಯ ಎಚ್‌ಇಐ ವ್ಯವಸ್ಥೆಯಲ್ಲಿ ಅದು ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ರೋಟರ್ ಕೆಳಗೆ ಕುಳಿತಿರುತ್ತದೆ. ಫೋರ್ಡ್‌ನ ಟಿಎಫ್‌ಐ ವ್ಯವಸ್ಥೆಯಲ್ಲಿ ಡಿಸ್ಟ್ರಿಬ್ಯೂಟರ್‌ನ ಹೊರಮೈಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಕ್ರೈಸ್ಲರ್ ಅದನ್ನು ಎಂಜಿನ್ ಕೋಣೆಯ ಹಿಂಗೋಡೆಗೆ ಬಿಗಿದಿತ್ತು. ಡಿಸ್ಟ್ರಿಬ್ಯೂಟರ್ ಇಲ್ಲದೆ ಎರಡು ಸಿಲಿಂಡರಿಗೊಂದು ಕಾಯಿಲ್ ಇರುವ ಎಷ್ಟೋ ಎಂಜಿನ್‌ಗಳಲ್ಲಿ ಕಾಯಿಲ್ ಪ್ಯಾಕಿನ ಅಡಿಯಲ್ಲಿಯೇ ಮಾಡ್ಯೂಲ್ ಇರುತ್ತದೆ. ಟೊಯೋಟಾ ಕಾರುಗಳಲ್ಲಿ ಇದಕ್ಕೆ ಇಗ್ನೈಟರ್ ಎಂಬ ಹೆಸರು. ಪ್ರತಿ ಪ್ಲಗ್ಗಿನ ಮೇಲೆ ಒಂದೊಂದು ಕಾಯಿಲ್ ಇರುವ ಈಗಿನ ಕಾರುಗಳಲ್ಲಿ ಮಾಡ್ಯೂಲ್‌ನ ಕೆಲಸ ಮಾಡುವ ಸರ್ಕ್ಯೂಟ್ ಒಂದೋ ಕಾಯಿಲ್‌ನ ಒಳಗೆ, ಇಲ್ಲವೇ ಇಸಿಯು ಎಂದು ಕರೆಯುವ ಎಂಜಿನ್ ಕಂಪ್ಯೂಟರ್‌ನ ಒಳಗೆ ಸೇರಿಹೋಗಿದೆ. ಕಾಯಿಲ್‌ಗೆ ಎರಡೇ ವೈರುಗಳಿದ್ದರೆ ಸ್ವಿಚ್ ಬೇರೆಡೆ ಇದೆ ಎಂದೂ, ಮೂರು ಅಥವಾ ನಾಲ್ಕು ವೈರುಗಳಿದ್ದರೆ ಸಾಮಾನ್ಯವಾಗಿ ಕಾಯಿಲ್‌ನೊಳಗೇ ಇದೆ ಎಂದೂ ತಿಳಿಯಬಹುದು. ಆದರೂ ನಿಮ್ಮ ಮಾದರಿಯ ವೈರಿಂಗ್ ನಕ್ಷೆಯನ್ನು ಎದುರಿಗಿಟ್ಟುಕೊಳ್ಳದೆ ಕೆಲಸ ಶುರು ಮಾಡಬೇಡಿ. ವೈರಿನ ಬಣ್ಣ ನೋಡಿ ಊಹಿಸುವುದು ಅಪಾಯದ ಅಭ್ಯಾಸ.

ಕೈಹಾಕುವ ಮುನ್ನ

ಸೆಕೆಂಡರಿ ವೋಲ್ಟೇಜು ಬಲವಾದ ಶಾಕ್ ಕೊಡುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಚಾಲೂ ಇರುವ ಇಗ್ನಿಷನ್ ವ್ಯವಸ್ಥೆಯ ಹತ್ತಿರ ಕೆಲಸ ಮಾಡಲೇಬಾರದು. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ರೂಢಿಯನ್ನು ಪೂರ್ತಿಯಾಗಿ ಬಿಡಬೇಕು. ಕೈಗೆ ಶಾಕ್ ಹೊಡೆಯುವುದು ಒಂದು ಅಪಾಯ. ಅದರ ಜೊತೆಗೆ, ವೈರನ್ನು ಎಲ್ಲಿಯೂ ಸೇರಿಸದೆ ತೆರೆದಿಟ್ಟು ಸೆಲ್ಫ್ ಹೊಡೆದರೆ ಹೊರಹೋಗಲು ದಾರಿ ಸಿಗದ ವೋಲ್ಟೇಜು ಕಾಯಿಲ್‌ನ ಒಳಗಿನ ನಿರೋಧಕವನ್ನು ಸೀಳಬಹುದು, ಮಾಡ್ಯೂಲ್‌ನ ಟ್ರಾನ್ಸಿಸ್ಟರನ್ನೂ ಸುಡಬಹುದು. ಚೆನ್ನಾಗಿರುವ ಮಾಡ್ಯೂಲನ್ನು ಪರೀಕ್ಷೆಯೇ ಕೆಡಿಸುವುದು ಹೀಗೆ.

ಗೇರನ್ನು ನ್ಯೂಟ್ರಲ್‌ಗೆ ಅಥವಾ ಪಾರ್ಕ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಡಿ. ಕಿಡಿಯ ಪರೀಕ್ಷೆ ಮಾಡುವಾಗ ಫ್ಯೂಯಲ್ ಪಂಪಿನ ಫ್ಯೂಸ್ ಅಥವಾ ಇಂಜೆಕ್ಟರ್ ಕನೆಕ್ಟರ್ ತೆಗೆದಿಟ್ಟರೆ ಸುಡದ ಪೆಟ್ರೋಲು ಸಿಲಿಂಡರಿನಲ್ಲೂ ಕೆಟಲಿಟಿಕ್ ಕನ್ವರ್ಟರ್‌ನಲ್ಲೂ ಸೇರುವುದು ತಪ್ಪುತ್ತದೆ. ಫ್ಯಾನು ಮತ್ತು ಬೆಲ್ಟುಗಳ ಹತ್ತಿರ ಮೀಟರಿನ ವೈರುಗಳು ಜೋತುಬೀಳದಂತೆ ಕಟ್ಟಿಕೊಳ್ಳಿ. ಬೇಕಾಗುವ ಉಪಕರಣಗಳು ದುಬಾರಿಯವಲ್ಲ: ಡಿಜಿಟಲ್ ಮಲ್ಟಿಮೀಟರ್, ಫಿಲಮೆಂಟ್ ಬಲ್ಬಿನ 12 ವೋಲ್ಟ್ ಟೆಸ್ಟ್ ಲ್ಯಾಂಪ್, ಎಲ್‌ಇಡಿ ಟೆಸ್ಟ್ ಲ್ಯಾಂಪ್, ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರ್, ಮತ್ತು ಕಾರಿಗೆ ಒಬಿಡಿ ಸಾಕೆಟ್ ಇದ್ದರೆ ಅದಕ್ಕೆ ಸಿಕ್ಕಿಸಿ ದೋಷದ ಕೋಡ್ ಓದುವ ಒಂದು ಸ್ಕ್ಯಾನರ್.

ಹೋಗಿರುವುದು ಕಿಡಿಯೇ?

ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿಯುತ್ತಿದ್ದರೆ ಆ ಬ್ಯಾಟರಿಯನ್ನಿಟ್ಟುಕೊಂಡು ಮಾಡಿದ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲ. ವೋಲ್ಟೇಜು ಕಡಿಮೆಯಾದಾಗ ಎಷ್ಟೋ ಮಾಡ್ಯೂಲ್‌ಗಳು ಮತ್ತು ಸೆನ್ಸರ್‌ಗಳು ಕೆಲಸವನ್ನೇ ನಿಲ್ಲಿಸುತ್ತವೆ.

ನಂತರ ಸ್ಪಾರ್ಕ್ ಟೆಸ್ಟರನ್ನು ಪ್ಲಗ್ ವೈರಿನ ತುದಿಗೆ ಸಿಕ್ಕಿಸಿ, ಅದರ ಕ್ಲಿಪ್ಪನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಾಕಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಹಳೆಯ ಪ್ಲಗ್ಗನ್ನು ಎಂಜಿನ್ನಿಗೆ ಒರಗಿಸಿ ನೋಡುವುದಕ್ಕಿಂತ ಟೆಸ್ಟರ್ ಏಕೆ ಮೇಲು ಎಂದರೆ, ಹೊರಗಿನ ಗಾಳಿಯಲ್ಲಿ ಒಂದು ಮಿಲಿಮೀಟರ್ ಗ್ಯಾಪನ್ನು ದಾಟಲು ಸಾಲುವ ದುರ್ಬಲ ಕಿಡಿ ಸಿಲಿಂಡರಿನ ಒತ್ತಡದಲ್ಲಿ ಅದೇ ಗ್ಯಾಪನ್ನು ದಾಟಲಾರದು. ಅಗಲ ಗ್ಯಾಪಿನ ಟೆಸ್ಟರ್‌ನಲ್ಲಿ ಚಟಚಟ ಸದ್ದಿನೊಂದಿಗೆ ನೀಲಿ ಬಿಳುಪಿನ ಕಿಡಿ ಬಿಡದೆ ಹಾರುತ್ತಿದ್ದರೆ ಮಾಡ್ಯೂಲ್ ಆ ಹೊತ್ತಿಗೆ ಕೆಲಸ ಮಾಡುತ್ತಿದೆ. ಪೆಟ್ರೋಲು, ಕಂಪ್ರೆಷನ್, ಟೈಮಿಂಗ್ ಕಡೆ ಹುಡುಕಬೇಕು. ತೆಳುವಾದ ಹಳದಿ ಕಿಡಿ ತಡೆತಡೆದು ಬಂದರೆ ಕಾಯಿಲ್, ವೋಲ್ಟೇಜು ಅಥವಾ ಅರ್ತಿಂಗ್ ಕಡೆ ಮೊದಲು ನೋಡಬೇಕು. ಒಂದೇ ಸಿಲಿಂಡರಿನಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ, ಡಿಸ್ಟ್ರಿಬ್ಯೂಟರ್ ಇರುವ ಕಾರಿನಲ್ಲಿ ಮಾಡ್ಯೂಲನ್ನು ಅನುಮಾನಿಸಲು ಕಾರಣವೇ ಇಲ್ಲ. ಏಕೆಂದರೆ ಅಲ್ಲಿ ಎಲ್ಲ ಸಿಲಿಂಡರುಗಳಿಗೂ ಇರುವುದು ಒಂದೇ ಮಾಡ್ಯೂಲ್.

ಕೆಲವು ಸುಳಿವುಗಳನ್ನು ಡ್ಯಾಶ್‌ಬೋರ್ಡೇ ಕೊಡುತ್ತದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ವೇಗ ತೋರಿಸುವ ಟ್ಯಾಕೋಮೀಟರ್ ಮುಳ್ಳು ಸ್ವಲ್ಪವಾದರೂ ಎದ್ದು ಅಲುಗಿದರೆ, ಮುಳ್ಳಿಗೆ ಕಾಯಿಲ್‌ನಿಂದಲೇ ಸಂಕೇತ ಹೋಗುವ ಕಾರುಗಳಲ್ಲಿ, ಪ್ರೈಮರಿ ಚಾಲೂ ಬಂದ್ ಆಗುತ್ತಿದೆ ಎಂದು ಅರ್ಥ. ಓಡುವಾಗ ಎಂಜಿನ್ ನಿಂತ ಕ್ಷಣದಲ್ಲಿ ಚಕ್ರಗಳು ಎಂಜಿನ್ನನ್ನು ಇನ್ನೂ ತಿರುಗಿಸುತ್ತಿದ್ದರೂ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿದ್ದರೆ ಇಗ್ನಿಷನ್ನಿನ ಅಥವಾ ಕ್ರ್ಯಾಂಕ್ ಸೆನ್ಸರ್‌ನ ಸಂಕೇತ ಕಡಿದಿದೆ ಎಂಬ ಅನುಮಾನ ಬಲವಾಗುತ್ತದೆ. ಕಳ್ಳತನ ತಡೆಯುವ ಇಮೊಬಿಲೈಸರ್ ದೀಪ ಮಿಣುಕುತ್ತಿದ್ದರೆ ಮೊದಲು ಅದನ್ನು ಬಗೆಹರಿಸಿಕೊಳ್ಳಿ. ಸ್ಕ್ಯಾನರ್‌ನಲ್ಲಿ ಪಿ0335 ಬಂದರೆ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್‌ನ ಸರ್ಕ್ಯೂಟ್, ಪಿ0351ರಿಂದ ಮುಂದಿನ ಸಾಲು ಬಂದರೆ ಒಂದೊಂದು ಕಾಯಿಲ್‌ನ ಸರ್ಕ್ಯೂಟ್ ಎಂದು ತಿಳಿಯಬೇಕು. ಕೋಡ್ ಸರ್ಕ್ಯೂಟಿನ ಹೆಸರನ್ನು ಹೇಳುತ್ತದೆಯೇ ಹೊರತು ಬದಲಾಯಿಸಬೇಕಾದ ಭಾಗದ ಹೆಸರನ್ನಲ್ಲ.

ಇಲ್ಲಿ ಒಂದು ಬಲೆಯಿದೆ. ಕಿಡಿಯೂ ಇಲ್ಲ, ಇಂಜೆಕ್ಟರ್‌ಗೂ ಸಂಕೇತವಿಲ್ಲ ಎಂದಾದರೆ ದೋಷ ಕ್ರ್ಯಾಂಕ್ ಸೆನ್ಸರ್‌ನಲ್ಲೋ ಮುಖ್ಯ ರಿಲೇಯಲ್ಲೋ ಇರಬೇಕು, ಮಾಡ್ಯೂಲ್‌ನಲ್ಲಿರಲಾರದು ಎಂಬ ನಿಯಮವನ್ನು ಅನೇಕರು ಪಾಲಿಸುತ್ತಾರೆ. ಸಾಮಾನ್ಯವಾಗಿ ಅದು ಸರಿ. ಆದರೆ ಜನರಲ್ ಮೋಟಾರ್ಸ್‌ನ ಇಂಜೆಕ್ಷನ್ ಇರುವ ಹಲವು ಡಿಸ್ಟ್ರಿಬ್ಯೂಟರ್ ಎಂಜಿನ್‌ಗಳಲ್ಲಿ ಎಂಜಿನ್ ತಿರುಗುತ್ತಿದೆ ಎಂಬ ಸಂಕೇತ ಇಸಿಯುವಿಗೆ ಹೋಗುವುದೇ ಮಾಡ್ಯೂಲ್ ಮೂಲಕ. ಟೊಯೋಟಾದಲ್ಲಿ ಇಸಿಯು ಕಳುಹಿಸುವ ಐಜಿಟಿ ಎಂಬ ಆದೇಶಕ್ಕೆ ಇಗ್ನೈಟರ್ ಐಜಿಎಫ್ ಎಂಬ ಮರುಸಂಕೇತ ಕೊಡಬೇಕು. ಅದು ಬಾರದಿದ್ದರೆ ಎಂಜಿನ್ ಒಳಗೆ ಪೆಟ್ರೋಲು ಸುಮ್ಮನೆ ತುಂಬದಿರಲೆಂದು ಇಸಿಯು ಇಂಜೆಕ್ಟರ್‌ಗಳನ್ನೇ ನಿಲ್ಲಿಸುತ್ತದೆ. ಹೀಗಾಗಿ ಇಂಥ ಕಾರುಗಳಲ್ಲಿ ಮಾಡ್ಯೂಲ್ ಕೆಟ್ಟರೆ ಕಿಡಿ ಮತ್ತು ಪೆಟ್ರೋಲು ಎರಡೂ ಒಟ್ಟಿಗೇ ನಿಲ್ಲುತ್ತವೆ.

ಕರೆಂಟು ಮತ್ತು ಅರ್ತಿಂಗ್

ಇಗ್ನಿಷನ್ ಚಾಲೂ ಮಾಡಿ ಮಾಡ್ಯೂಲ್‌ನ ಕರೆಂಟು ವೈರಿನಲ್ಲೂ ಕಾಯಿಲ್‌ನ ಪಾಸಿಟಿವ್ ತುದಿಯಲ್ಲೂ ವೋಲ್ಟೇಜು ಅಳೆಯಿರಿ. ಸಾಧ್ಯವಿದ್ದಷ್ಟೂ ಕನೆಕ್ಟರ್ ಹಾಕಿದ್ದಂತೆಯೇ, ಅದರ ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ ಅಳೆಯುವುದು ಒಳ್ಳೆಯದು. ಕಳಚಿ ಅಳೆದರೆ ಒಂದೇ ಒಂದು ಎಳೆ ಉಳಿದಿರುವ ವೈರು ಕೂಡ 12 ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಬ್ಯಾಟರಿಗೂ ಮಾಡ್ಯೂಲ್‌ಗೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಇಗ್ನಿಷನ್ ಸ್ವಿಚ್, ಫ್ಯೂಸ್, ರಿಲೇ, ಕನೆಕ್ಟರ್‌ಗಳನ್ನು ಒಂದೊಂದಾಗಿ ನೋಡಬೇಕು. ಇದೇ ಅಳತೆಯನ್ನು ಸೆಲ್ಫ್ ಹೊಡೆಯುತ್ತಿರುವಾಗ ಮತ್ತೊಮ್ಮೆ ಮಾಡಿ. ಕೀಲಿ ಆನ್ ಸ್ಥಾನದಲ್ಲಿದ್ದಾಗ ಬರುವ ಕರೆಂಟು ಸ್ಟಾರ್ಟ್ ಸ್ಥಾನಕ್ಕೆ ತಿರುಗಿಸಿದಾಗ ಕಡಿದುಹೋಗುವ ಸವೆದ ಸ್ವಿಚ್ಚುಗಳಿವೆ.

ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಹಳೆಯ ಕಾರುಗಳಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಸೆಲ್ಫ್ ಹೊಡೆಯುವಷ್ಟು ಹೊತ್ತು ಎಂಜಿನ್ ಸ್ಟಾರ್ಟ್ ಆಗಿ, ಕೀಲಿ ಬಿಟ್ಟೊಡನೆ ಸತ್ತುಹೋದರೆ ಸುಟ್ಟಿರುವುದು ಬಹುಮಟ್ಟಿಗೆ ಆ ರೆಸಿಸ್ಟರ್. ಸೆಲ್ಫ್ ಹೊಡೆಯುವಾಗ ಕರೆಂಟು ಅದನ್ನು ತಪ್ಪಿಸಿಕೊಂಡು ನೇರವಾಗಿ ಕಾಯಿಲ್‌ಗೆ ಹೋಗುವುದರಿಂದ ಹೀಗಾಗುತ್ತದೆ.

ಅರ್ತಿಂಗ್ ಪರೀಕ್ಷೆಯನ್ನು ಬಹಳ ಮಂದಿ ಓಮ್ ಅಳೆದು ಮುಗಿಸುತ್ತಾರೆ. ಅದು ಸಾಲದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೆಂಪು ತಂತಿಯನ್ನು ಮಾಡ್ಯೂಲ್‌ನ ಅರ್ತಿಂಗ್ ಪಿನ್ನಿಗೂ ಹಿಡಿದು ಸೆಲ್ಫ್ ಹೊಡೆಯಬೇಕು. ಮೀಟರು 0.1 ವೋಲ್ಟ್ ಆಸುಪಾಸಿನಲ್ಲಿದ್ದರೆ ಅರ್ತಿಂಗ್ ಸರಿಯಿದೆ, 0.3, 0.5 ಎಂದು ಏರಿದರೆ ಎಲ್ಲೋ ಅಡ್ಡಿಯಿದೆ. ಎಚ್‌ಇಐ ಮಾಡ್ಯೂಲ್‌ನಂಥವುಗಳಿಗೆ ಬೇರೆ ಅರ್ತಿಂಗ್ ವೈರೇ ಇರುವುದಿಲ್ಲ. ಅದನ್ನು ಬಿಗಿದಿರುವ ಸ್ಕ್ರೂಗಳು ಮತ್ತು ಅಡಿಯ ಲೋಹದ ತಟ್ಟೆಯೇ ಅರ್ತಿಂಗ್. ಆ ಸ್ಕ್ರೂ ಬಿಚ್ಚಿ ನೋಡಿದರೆ ತಲೆಯ ಕೆಳಗೆ ಕಂದು ಬಣ್ಣದ ತುಕ್ಕಿನ ಉಂಗುರ, ರಂಧ್ರದ ಸುತ್ತ ಪುಡಿಪುಡಿಯಾದ ಬಿಳಿ ಆಕ್ಸೈಡ್ ಕಾಣುವುದುಂಟು. ತಂತಿ ಬ್ರಷ್‌ನಿಂದ ಉಜ್ಜಿ ಹೊಳಪು ಬರಿಸಿ ಮತ್ತೆ ಬಿಗಿದರೆ ಸತ್ತಿದೆ ಎಂದುಕೊಂಡಿದ್ದ ಮಾಡ್ಯೂಲ್ ಕೆಲಸಕ್ಕೆ ಬರುವ ಸಾಧ್ಯತೆ ಇಲ್ಲದಿಲ್ಲ.

ಸಂಕೇತ ಬರುತ್ತಿದೆಯೇ?

ಯಾವಾಗ ಕಿಡಿ ಕೊಡಬೇಕೆಂದು ಮಾಡ್ಯೂಲ್‌ಗೆ ಯಾರೋ ಹೇಳಬೇಕು. ಹೇಳುವುದು ಡಿಸ್ಟ್ರಿಬ್ಯೂಟರ್‌ನೊಳಗಿನ ಪಿಕಪ್ ಕಾಯಿಲ್ ಆಗಿರಬಹುದು, ಕಾಂತಕ್ಷೇತ್ರದ ಬದಲಾವಣೆಯನ್ನು ಗುರುತಿಸುವ ಹಾಲ್ ಸೆನ್ಸರ್ ಆಗಿರಬಹುದು, ಇಸಿಯು ಆಗಿರಬಹುದು. ಮಾಡ್ಯೂಲ್ ಕೆಟ್ಟಿದೆ ಎಂದು ಎಸೆಯುವವರು ಹೆಚ್ಚಾಗಿ ಬಿಟ್ಟುಬಿಡುವ ಪರೀಕ್ಷೆ ಇದು, ಮತ್ತು ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಎರಡು ವೈರುಗಳ ಕಾಂತೀಯ ಪಿಕಪ್ ತಾನೇ ಎಸಿ ವೋಲ್ಟೇಜು ಹುಟ್ಟಿಸುತ್ತದೆ. ಅದರ ಕನೆಕ್ಟರ್ ಕಳಚಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸೆಲ್ಫ್ ಹೊಡೆದರೆ ಅರ್ಧ ವೋಲ್ಟ್‌ನಿಂದ ಒಂದೆರಡು ವೋಲ್ಟ್‌ವರೆಗೆ ಕಾಣಿಸಬೇಕು. ನಿಖರವಾದ ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅದರ ರೋಧವನ್ನೂ ಅಳೆಯಿರಿ. ಎಚ್‌ಇಐ ಪಿಕಪ್‌ನಲ್ಲಿ 500ರಿಂದ 1500 ಓಮ್ ನಡುವೆ ಸ್ಥಿರವಾಗಿರಬೇಕು, ಮತ್ತು ಎರಡರಲ್ಲಿ ಯಾವ ವೈರಿನಿಂದಲೂ ಡಿಸ್ಟ್ರಿಬ್ಯೂಟರ್ ಮೈಗೆ ಸಂಪರ್ಕ ಇರಬಾರದು. ಸ್ಥಿರವಾಗಿರಬೇಕು ಎಂಬ ಮಾತಿಗೆ ಕಾರಣವಿದೆ. ಎಂಜಿನ್ನಿನ ವ್ಯಾಕ್ಯೂಮ್‌ಗೆ ತಕ್ಕಂತೆ ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಇರುವ ಡಿಸ್ಟ್ರಿಬ್ಯೂಟರ್‌ನಲ್ಲಿ ಪಿಕಪ್ ಕುಳಿತಿರುವ ತಟ್ಟೆ ಆಕ್ಸಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಹಿಂದೆ ಮುಂದೆ ಸರಿಯುತ್ತದೆ; ವರ್ಷಗಟ್ಟಲೆ ಮಡಿಸಿ ಬಿಚ್ಚಿಕೊಂಡ ವೈರು ಹೊರಗಿನ ಪ್ಲಾಸ್ಟಿಕ್ ಹಾಗೆಯೇ ಇದ್ದು ಒಳಗಿನ ತಾಮ್ರ ಮಾತ್ರ ತುಂಡಾಗುತ್ತದೆ. ಆದ್ದರಿಂದ ಮೀಟರ್ ಹಿಡಿದುಕೊಂಡೇ ಕೈ ಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ತಟ್ಟೆಯನ್ನು ಸರಿಸಿ, ವೈರುಗಳನ್ನು ಮೆಲ್ಲನೆ ಅಲುಗಿಸಿ. ಅಂಕಿ ಹಾರಿದರೆ ಅಥವಾ ಮೀಟರು ಒಎಲ್ (ಸಂಪರ್ಕ ಕಡಿದಿದೆ) ಎಂದು ತೋರಿಸಿದರೆ ಹೋಗಿರುವುದು ಪಿಕಪ್.

ಹಾಲ್ ಸೆನ್ಸರ್‌ಗೆ ಮೂರು ವೈರುಗಳು: ಕರೆಂಟು, ಅರ್ತಿಂಗ್, ಸಂಕೇತ. ಮೊದಲೆರಡು ಸರಿಯಿವೆಯೆಂದು ನೋಡಿಕೊಂಡು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಸಂಕೇತದ ವೈರಿನಲ್ಲಿ ಡಿಸಿ ವೋಲ್ಟ್ ನೋಡಿ. ಅದು ಸೊನ್ನೆಯ ಹತ್ತಿರಕ್ಕೂ 5 ಅಥವಾ 12 ವೋಲ್ಟ್‌ಗೂ ನಡುವೆ ಜಿಗಿಯುತ್ತಿರಬೇಕು. ಮೇಲಿನ ಅಂಕಿ ಆಯಾ ವ್ಯವಸ್ಥೆಗೆ ಸೇರಿದ್ದು.

ಇಸಿಯುವಿನಿಂದ ಸಂಕೇತ ಬರುವ ವ್ಯವಸ್ಥೆಯಲ್ಲಿ ಎಲ್‌ಇಡಿ ಟೆಸ್ಟ್ ಲ್ಯಾಂಪ್ ಅಥವಾ ಆಸಿಲೋಸ್ಕೋಪ್ ಮಾತ್ರ ಬಳಸಿ. ಫಿಲಮೆಂಟ್ ಬಲ್ಬು ಎಳೆಯುವ ಕರೆಂಟನ್ನು ತಾಳಿಕೊಳ್ಳುವಂತೆ ಆ ಸಂಕೇತದ ವೈರುಗಳನ್ನು ರೂಪಿಸಿಲ್ಲ. ಇಸಿಯುವಿನ ಒಳಗಿನ ಭಾಗ ಸುಟ್ಟುಹೋದೀತು. ಸೆಲ್ಫ್ ಹೊಡೆದಾಗ ಎಲ್‌ಇಡಿ ಮಿಣುಕಿದರೆ ಆದೇಶ ಬರುತ್ತಿದೆ. ಮಿಣುಕದಿದ್ದರೆ ಮಾಡ್ಯೂಲನ್ನು ಬಿಟ್ಟು ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ಇಸಿಯುವಿನ ಕರೆಂಟು ಮತ್ತು ಅರ್ತಿಂಗ್ ಕಡೆಗೆ ಹೋಗಿ.

ಮಾಡ್ಯೂಲ್ ಕಾಯಿಲನ್ನು ಚಾಲೂ ಬಂದ್ ಮಾಡುತ್ತಿದೆಯೇ?

ಈಗ ಫಿಲಮೆಂಟ್ ಟೆಸ್ಟ್ ಲ್ಯಾಂಪಿನ ಸರದಿ. ಅದರ ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಹಾಕಿ, ಚೂಪು ತುದಿಯನ್ನು ಕಾಯಿಲ್‌ನ ನೆಗೆಟಿವ್ ತುದಿಗೆ, ಅಂದರೆ ಮಾಡ್ಯೂಲ್ ಕಡೆಗೆ ಹೋಗುವ ವೈರಿಗೆ ಹಿಡಿಯಿರಿ. ಪ್ರೈಮರಿಯಲ್ಲಿ ನೂರಾರು ವೋಲ್ಟ್‌ಗಳ ನೆಗೆತ ಇರುವುದರಿಂದ ಇಲ್ಲಿ ಎಲ್‌ಇಡಿ ಲ್ಯಾಂಪ್ ಬಳಸಬಾರದು, ಲೋಹದ ತುದಿಯನ್ನು ಬೆರಳಿಗೆ ತಾಗಿಸಿಕೊಳ್ಳಬಾರದು. ಇಗ್ನಿಷನ್ ಚಾಲೂ ಮಾಡಿ ಸೆಲ್ಫ್ ಹೊಡೆಯಿರಿ.

ಬಲ್ಬು ಎಂಜಿನ್ ತಿರುಗುವ ಲಯಕ್ಕೆ ಸರಿಯಾಗಿ ಮಿಣುಕಿದರೆ ಮಾಡ್ಯೂಲ್ ತನ್ನ ಕೆಲಸ ಮಾಡುತ್ತಿದೆ. ಆದರೂ ಕಿಡಿ ಇಲ್ಲವೆಂದರೆ ಕಾಯಿಲ್‌ನ ಸೆಕೆಂಡರಿ, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಹೈಟೆನ್ಷನ್ ವೈರುಗಳನ್ನು ನೋಡಬೇಕು.

ಬಲ್ಬು ಮಿಣುಕದೆ ಒಂದೇ ಸಮನೆ ಉರಿಯುತ್ತಿದ್ದರೆ ಕಾಯಿಲ್‌ನ ನೆಗೆಟಿವ್ ತುದಿ ಅರ್ತಿಂಗಿಗೆ ಅಂಟಿಕೊಂಡಿದೆ. ಮಾಡ್ಯೂಲ್‌ನ ಕನೆಕ್ಟರ್ ಕಳಚಿ ನೋಡಿ: ಬಲ್ಬು ಆರಿದರೆ ಮಾಡ್ಯೂಲ್ ಒಳಗೆ ಶಾರ್ಟ್ ಆಗಿದೆ, ಆರದಿದ್ದರೆ ನಡುವಿನ ವೈರು ಎಲ್ಲೋ ಉಜ್ಜಿಕೊಂಡು ಲೋಹಕ್ಕೆ ತಾಗಿದೆ. ಈ ಸ್ಥಿತಿಯಲ್ಲಿ ಇಗ್ನಿಷನ್ನನ್ನು ಹೆಚ್ಚು ಹೊತ್ತು ಚಾಲೂ ಇಡಬೇಡಿ; ಕರೆಂಟು ಬಿಡದೆ ಹರಿದು ಕಾಯಿಲ್ ವಿಪರೀತ ಕಾಯುತ್ತದೆ.

ಬಲ್ಬು ಉರಿಯಲೇ ಇಲ್ಲವೆಂದರೆ, ಕಾಯಿಲ್‌ನ ನೆಗೆಟಿವ್ ತುದಿಯಿಂದ ಮಾಡ್ಯೂಲ್‌ವರೆಗಿನ ವೈರು ತುಂಡಾಗಿಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ವೈರು ಸರಿಯಿದ್ದು, ಕರೆಂಟು, ಅರ್ತಿಂಗ್, ಸಂಕೇತ ಮೂರೂ ಅಳತೆಯಲ್ಲಿ ಸರಿಬಂದಿದ್ದರೆ ಮಾಡ್ಯೂಲ್ ಕೆಟ್ಟಿದೆ ಎಂದು ಈಗ ಧೈರ್ಯವಾಗಿ ಹೇಳಬಹುದು.

ಮಾಡ್ಯೂಲ್‌ನ ಪಿನ್ನುಗಳ ನಡುವೆ ಓಮ್ ಅಳೆದು ತೀರ್ಪು ಕೊಡುವ ವಿಧಾನವನ್ನು ನಾನು ಸೂಚಿಸುವುದಿಲ್ಲ. ಒಳಗಿರುವುದು ಟ್ರಾನ್ಸಿಸ್ಟರುಗಳು ಮತ್ತು ಐಸಿಗಳು. ಮೀಟರಿನ ಚಿಕ್ಕ ಬ್ಯಾಟರಿ ಅವುಗಳನ್ನು ಕೆಲಸಕ್ಕೆ ಹಚ್ಚಲಾರದು, ಒಂದೊಂದು ಮೀಟರಿನಲ್ಲಿ ಒಂದೊಂದು ಅಂಕಿ ಬರುತ್ತದೆ. ಪೂರ್ತಿ ಶಾರ್ಟ್ ಆದದ್ದನ್ನು ಅದು ಹಿಡಿದೀತು, ಅಷ್ಟೇ.

ಬಿಸಿಯಾದಾಗ ಮಾತ್ರ ಕಾಣುವ ದೋಷ

ತಣ್ಣಗಿರುವಾಗ ಮೇಲಿನ ಎಲ್ಲ ಪರೀಕ್ಷೆಗಳಲ್ಲೂ ಪಾಸಾಗಿ, ರಸ್ತೆಯಲ್ಲಿ ಕೈಕೊಡುವ ಮಾಡ್ಯೂಲ್‌ಗಳೇ ಹೆಚ್ಚು ತೊಂದರೆ ಕೊಡುವವು. ಬಿಸಿಗೆ ಒಳಗಿನ ಬೆಸುಗೆಗಳು ಹಿಗ್ಗಿ, ಕೂದಲೆಳೆಯ ಬಿರುಕು ತೆರೆದುಕೊಂಡು ಸಂಪರ್ಕ ತಪ್ಪುತ್ತದೆ. ತಣ್ಣಗಾದಾಗ ಮತ್ತೆ ಕೂಡಿಕೊಳ್ಳುತ್ತದೆ. ಇಂಥ ದೋಷವನ್ನು ಬಿಸಿಯಲ್ಲೇ ಹಿಡಿಯಬೇಕು. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಹೇರ್ ಡ್ರೈಯರ್‌ನಿಂದ ಮಾಡ್ಯೂಲ್‌ಗೆ ಮಾತ್ರ ಬಿಸಿಗಾಳಿ ಬಿಡಿ, ನಡುನಡುವೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲನೆ ತಟ್ಟಿ. ಬೆಂಕಿಯ ಜ್ವಾಲೆಯನ್ನಾಗಲಿ ಬಣ್ಣ ಕೆರೆಯುವ ಹೀಟ್ ಗನ್ನನ್ನಾಗಲಿ ಬಳಸಬಾರದು. ಚೆನ್ನಾಗಿರುವ ಮಾಡ್ಯೂಲ್ ಕೂಡ ಅದಕ್ಕೆ ಕರಗುತ್ತದೆ, ಹತ್ತಿರದಲ್ಲೇ ಪೆಟ್ರೋಲ್ ಪೈಪುಗಳೂ ಇರುತ್ತವೆ. ಎಂಜಿನ್ ಮಿಸ್ ಹೊಡೆಯಲು ಶುರುಮಾಡಿದರೆ ಅಥವಾ ನಿಂತರೆ, ಎಲೆಕ್ಟ್ರಾನಿಕ್ ಭಾಗಗಳಿಗೆಂದೇ ಸಿಗುವ ಕೂಲಿಂಗ್ ಸ್ಪ್ರೇಯನ್ನು ಮಾಡ್ಯೂಲ್ ಮೇಲೆ ಹೊಡೆದು ತಕ್ಷಣ ಸ್ಟಾರ್ಟ್ ಮಾಡಿ. ಬಿಸಿಗೆ ನಿಂತು ತಂಪಿಗೆ ಹತ್ತಿಕೊಳ್ಳುವುದು ಎರಡು ಮೂರು ಸಲ ಹಾಗೆಯೇ ನಡೆದರೆ ಅನುಮಾನಕ್ಕೆ ಜಾಗವಿಲ್ಲ.

ಮಾಡ್ಯೂಲ್ ಡಿಸ್ಟ್ರಿಬ್ಯೂಟರ್‌ನ ಒಳಗಿದ್ದರೆ ಹೀಗೆ ಅದನ್ನೊಂದನ್ನೇ ಕಾಯಿಸಲು ಬರುವುದಿಲ್ಲ. ಆಗ ಟೆಸ್ಟ್ ಲ್ಯಾಂಪ್ ಮತ್ತು ಸ್ಪಾರ್ಕ್ ಟೆಸ್ಟರನ್ನು ಜೊತೆಯಲ್ಲಿಟ್ಟುಕೊಂಡು ಕಾರು ಓಡಿಸಿ, ನಿಂತ ತಕ್ಷಣ, ಬಿಸಿ ಆರುವ ಮೊದಲೇ ಅಳತೆ ಮಾಡಬೇಕು. ಪಿಕಪ್‌ನ ರೋಧವನ್ನೂ ಆಗಲೇ ನೋಡಬೇಕು, ಏಕೆಂದರೆ ಅದು ಕೂಡ ಬಿಸಿಗೆ ಕಡಿಯುವ ಭಾಗವೇ. ಸುರಕ್ಷಿತವಾಗಿ ನಿಲ್ಲಿಸಬಹುದಾದ ಜಾಗ ಸಿಗುವ ರಸ್ತೆಯಲ್ಲಿ ಮಾತ್ರ ಇದನ್ನು ಮಾಡಿ. ಮಾಡ್ಯೂಲನ್ನು ಅಂಗಡಿಯ ಟೆಸ್ಟರ್‌ನಲ್ಲಿ ಪರೀಕ್ಷೆ ಮಾಡಿಸುವುದಾದರೆ, ಅದು ಚೆನ್ನಾಗಿ ಬೆಚ್ಚಗಾಗುವವರೆಗೆ ಬಿಡದೆ ಹಲವು ಬಾರಿ ಪರೀಕ್ಷಿಸಲು ಹೇಳಿ. ಫೇಲ್ ಎಂದು ಬಂದರೆ ನಂಬಿ. ಪಾಸ್ ಎಂದು ಬಂದರೆ ಆ ಹೊತ್ತಿನ ಬಿಸಿಯಲ್ಲಿ ಅದು ಕೆಲಸ ಮಾಡಿತು ಎಂದಷ್ಟೇ ತಿಳಿಯಿರಿ.

ಪ್ಲಗ್ಗಿನ ಮೇಲೆಯೇ ಕಾಯಿಲ್ ಇರುವ ಕಾರುಗಳು

ಇಲ್ಲಿ ಕೆಲಸ ಸುಲಭ. ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದ್ದು ಪಿ0302 ಎಂಬ ಕೋಡ್ ಬಂದಿದ್ದರೆ, ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಕೋಡ್ ಪಿ0303ಕ್ಕೆ ಬದಲಾದರೆ ಕಾಯಿಲ್ ಇಲ್ಲವೇ ಅದರೊಳಗಿನ ಸ್ವಿಚ್ ಕೆಟ್ಟಿದೆ; ಪಿ0302 ಹಾಗೆಯೇ ಉಳಿದರೆ ಪ್ಲಗ್, ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ ನೋಡಿ. ಎಲ್ಲ ಕಾಯಿಲ್‌ಗಳೂ ಒಟ್ಟಿಗೆ ನಿಂತಿದ್ದರೆ ಕಾಯಿಲ್‌ಗಳನ್ನು ಮುಟ್ಟುವ ಅಗತ್ಯವೇ ಇಲ್ಲ. ಎಲ್ಲಕ್ಕೂ ಸಾಮಾನ್ಯವಾದ ರಿಲೇ, ಫ್ಯೂಸ್, ಅರ್ತಿಂಗ್, ಕ್ರ್ಯಾಂಕ್ ಸೆನ್ಸರ್ ಕಡೆಗೆ ನೇರವಾಗಿ ಹೋಗಿ.

ಹೊಸದನ್ನು ಹಾಕುವ ಮುನ್ನ ಮತ್ತು ನಂತರ

ಮಾಡ್ಯೂಲ್ ತಾನಾಗಿಯೇ ಸತ್ತಿತೋ, ಬೇರೇನಾದರೂ ಅದನ್ನು ಕೊಂದಿತೋ ಎಂದು ಕೇಳಿಕೊಳ್ಳದೆ ಹೊಸದನ್ನು ಹಾಕಿದರೆ ಅದೂ ಬೇಗನೆ ಹೋಗಬಹುದು. ಕಾಯಿಲ್‌ನ ಪ್ರೈಮರಿಯ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿದ್ದರೆ ಮಾಡ್ಯೂಲ್ ಹೆಚ್ಚು ಕರೆಂಟು ಹೊರಬೇಕಾಗುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಅನೇಕ ಕಾಯಿಲ್‌ಗಳಲ್ಲಿ ಪ್ರೈಮರಿಯ ರೋಧ ಅರ್ಧ ಓಮ್‌ನಿಂದ ಎರಡು ಓಮ್ ಒಳಗೆ, ಸೆಕೆಂಡರಿಯದು ಹಲವು ಸಾವಿರ ಓಮ್‌ಗಳಷ್ಟು ಇರುತ್ತದೆ; ಮ್ಯಾನ್ಯುಯಲ್‌ನ ಅಂಕಿಯೇ ಅಂತಿಮ. ಇಷ್ಟು ಚಿಕ್ಕ ರೋಧ ಅಳೆಯುವಾಗ ಮೀಟರಿನ ಎರಡು ತುದಿಗಳನ್ನು ಕೂಡಿಸಿ ಬರುವ ಅಂಕಿಯನ್ನು ಕಳೆಯುವುದನ್ನು ಮರೆಯಬೇಡಿ. ಸವೆದು ಗ್ಯಾಪ್ ಅಗಲವಾದ ಪ್ಲಗ್ಗುಗಳು ಮತ್ತು ಒಳಗೆ ತುಂಡಾದ ಪ್ಲಗ್ ವೈರುಗಳು ಕಾಯಿಲ್ ಹಾಗೂ ಮಾಡ್ಯೂಲ್ ಎರಡರ ಮೇಲೂ ಒತ್ತಡ ಹೇರುತ್ತವೆ. ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸಿದ್ದುಂಟೇ, ಬ್ಯಾಟರಿ ಕಳಚದೆ ಕಾರಿನ ಮೈಗೆ ವೆಲ್ಡಿಂಗ್ ಮಾಡಿದ್ದುಂಟೇ ಎಂದೂ ವಿಚಾರಿಸಿ.

ಹಾಕುವಾಗ ಬ್ಯಾಟರಿಯ ನೆಗೆಟಿವ್ ಕಳಚಿ. ಫೋರ್ಡ್‌ನ ಟಿಎಫ್‌ಐ ಮಾಡ್ಯೂಲ್ ಬಿಚ್ಚಲು ತೆಳುಗೋಡೆಯ ಉದ್ದ ಸಾಕೆಟ್ ಬೇಕು, ಮತ್ತು ಅದನ್ನು ಪಿನ್ನುಗಳಿಂದ ನೇರವಾಗಿ ಕೆಳಗೆ ಎಳೆಯಬೇಕು. ಓರೆಯಾಗಿ ಎಳೆದರೆ ಡಿಸ್ಟ್ರಿಬ್ಯೂಟರ್ ಒಳಗಿನ ಪಿನ್ನುಗಳು ಮುರಿಯುತ್ತವೆ. ಹಳೆಯ ಮಾಡ್ಯೂಲ್‌ನ ಅಡಿಯಲ್ಲಿ ಒಣಗಿ ಚಕ್ಕೆಯೆದ್ದ ಬಿಳಿ ಪೇಸ್ಟ್ ಕಾಣುತ್ತದೆ. ಟ್ರಾನ್ಸಿಸ್ಟರ್‌ನಲ್ಲಿ ಹುಟ್ಟುವ ಬಿಸಿ ಲೋಹಕ್ಕೆ ಇಳಿಯುವುದು ಆ ಪೇಸ್ಟಿನ ಮೂಲಕ. ಅದು ಒಣಗಿದ್ದೇ ಎಷ್ಟೋ ಸಲ ಮಾಡ್ಯೂಲ್ ಸಾಯಲು ಕಾರಣ. ಪೂರ್ತಿಯಾಗಿ ಒರೆಸಿ, ಕೂರುವ ಜಾಗವನ್ನು ಬರಿಯ ಲೋಹ ಕಾಣುವಂತೆ ಶುಚಿಮಾಡಿ, ಹೊಸ ಮಾಡ್ಯೂಲ್ ಜೊತೆ ಬಂದ ಪೇಸ್ಟನ್ನೇ ಎಲ್ಲೆಡೆ ತೆಳುವಾಗಿ ಸವರಿ. ದಪ್ಪವಾಗಿ ಮೆತ್ತಿದರೆ ಬಿಸಿ ಇಳಿಯುವುದು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಸ್ಕ್ರೂಗಳನ್ನು ಎರಡೂ ಕಡೆ ಸಮನಾಗಿ ಬಿಗಿಯಿರಿ.

ಡಿಸ್ಟ್ರಿಬ್ಯೂಟರನ್ನು ಸಡಿಲಿಸಿದ್ದರೆ ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ಸರಿಪಡಿಸಿ, ಕೋಡ್‌ಗಳಿದ್ದರೆ ಅಳಿಸಿ. ಆಮೇಲೆ ಎಂಜಿನ್ ಪೂರ್ತಿ ಕಾಯುವಷ್ಟು ದೂರ ಓಡಿಸಿ, ನಿಲ್ಲಿಸಿ, ಬಾನೆಟ್ ಮುಚ್ಚಿಯೇ ಹತ್ತು ಹದಿನೈದು ನಿಮಿಷ ಬಿಡಿ. ಗಾಳಿಯ ಓಡಾಟ ನಿಂತಿರುವುದರಿಂದ ಆ ಹೊತ್ತಿನಲ್ಲಿ ಮಾಡ್ಯೂಲ್‌ನ ಸುತ್ತಲಿನ ಬಿಸಿ ಓಡುವಾಗಿನದಕ್ಕಿಂತ ಏರುತ್ತದೆ. ಅಷ್ಟು ಬಿಸಿಯಲ್ಲೂ ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿ ಮಿಸ್ ಹೊಡೆಯದೆ ಐಡಲ್‌ನಲ್ಲಿ ನಿಂತರೆ ದುರಸ್ತಿ ಮುಗಿದಿದೆ. ಮತ್ತೆ ಹಠ ಹಿಡಿದರೆ ಟೆಸ್ಟ್ ಲ್ಯಾಂಪನ್ನು ಆಗಲೇ ಕಾಯಿಲ್‌ನ ನೆಗೆಟಿವ್ ತುದಿಗೆ ಹಿಡಿದು ನೋಡಿ.